ಈಜು ಬಾರದವಳು ನೇತ್ರಾಣಿಯಲ್ಲಿ ಮುಳುಗಿ ಬಂದಿದ್ದು

ನನಗೆ ಈಜು ಬರುವುದಿಲ್ಲ. ಶಿರಸಿ ಹತ್ತಿರದ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಹಳ್ಳದಲ್ಲಿ ಮೊಣಕಾಲು ಮುಳುಗುವಷ್ಟು ನೀರಿಗಿಳಿದರೆ ಅದೇ ದೊಡ್ಡದು. ಅಂಥವಳು 44ನೇ ವಯಸ್ಸಿನಲ್ಲಿ ಮುರ್ಡೇಶ್ವರದಿಂದ ದೋಣಿ ಹತ್ತಿ, ನೇತ್ರಾಣಿ ದ್ವೀಪದ ಪಕ್ಕ ಸ್ಕೂಬಾ ಡೈವಿಂಗ್, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಮುಳುಗುವುದು, ಮಾಡಿ ಬಂದೆ. ಅದೇ ಸಂಜೆ ಹೊನ್ನಾವರದಲ್ಲಿ ಕಯಾಕ್ ಎಂಬ, ನಾವೇ ಹುಟ್ಟು ಹಾಕುವ ಸಣ್ಣ ದೋಣಿ ಹತ್ತಿದೆ. ಸಂಕ್ರಾಂತಿ ರಜೆಯ ಒಂದೇ ದಿನದಲ್ಲಿ ಎರಡೂ ಆಯಿತು. ಗೆಳತಿಯರು ಹೇಗೆ ಏನು ಎಂದು ಕೇಳುತ್ತಲೇ ಇದ್ದಾರೆ, ಅದಕ್ಕೆ ಬರೆದುಬಿಡುತ್ತೇನೆ.

ಹೊರಟಿದ್ದು ನಾಲ್ವರು. ನಾನು, ನಮ್ಮನೆಯವರು, 15 ವರ್ಷದ ಮಗಳು, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮಗ. ಅವನು ಕಾಲೇಜಿನ ಈಜು ತಂಡದಲ್ಲಿದ್ದಾನೆ. ಹಾಗಾಗಿ ಎಲ್ಲರಿಗೂ ನನ್ನದೇ ಚಿಂತೆ.

"ಈಜು ಬತ್ತಿಲ್ಲೆ, ಮತ್ತೆ ಎಂತಕ್ಕೆ ಹೋಗ್ತೆ ಮಾರಾಯ್ತಿ?" ಎಂದರು ಅತ್ತೆ. ಅವರ ಭಯಕ್ಕೆ ಕಾರಣವೂ ಇತ್ತು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಜನರನ್ನು ಕರೆತರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಜಾಸ್ತಿ ಜನ ಇದ್ದರು. ಅತ್ತೆ ಅದನ್ನು ಟಿವಿಯಲ್ಲಿ ದಿನವಿಡೀ ನೋಡಿದವರು. ಅದಕ್ಕೇ ನಾನು ಬುಕಿಂಗ್‌ಗೆ ಫೋನ್ ಮಾಡಿದಾಗ ಮೊದಲು ದುಡ್ಡು ಕೇಳಲಿಲ್ಲ. ದೋಣಿಯಲ್ಲಿ ಎಷ್ಟು ಜನ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ, ನೀರಿನೊಳಗೆ ಒಬ್ಬರಿಗೆ ಒಬ್ಬ ತರಬೇತುದಾರ ಇರುತ್ತಾರಾ ಎಂದು ಕೇಳಿದೆ. ಒಂದು ಕಡೆ "ಬನ್ನಿ ಮೇಡಂ, ಎಲ್ಲಾ ಅಡ್ಜಸ್ಟ್ ಮಾಡೋಣ" ಎಂದರು. ಅಲ್ಲಿಗೆ ಹೋಗಲಿಲ್ಲ. ಇನ್ನೊಂದು ಕಡೆ ಸರಿಯಾಗಿ ಲೆಕ್ಕ ಹೇಳಿದರು, ಅಲ್ಲೇ ಮುಂಗಡ ಕಟ್ಟಿದೆವು.

ಮುಂಗಡ ಕಟ್ಟಿದ ಮೇಲೆ ಒಂದು ಫಾರ್ಮ್ ಬಂತು. ಅಸ್ತಮಾ ಇದೆಯಾ, ಹೃದಯದ ತೊಂದರೆ, ಕಿವಿಯ ಆಪರೇಷನ್, ಬಿಪಿ, ಗರ್ಭಿಣಿಯಾ ಎಂದೆಲ್ಲ ಪ್ರಶ್ನೆ. ಇದನ್ನು ಸುಮ್ನೆ ಎಲ್ಲದಕ್ಕೂ ಇಲ್ಲ ಎಂದು ಗೀಚಿ ಕೊಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮನೆಯವರು ಬಿಪಿ ಮಾತ್ರೆ ತಗೊಳ್ಳುತ್ತಾರೆ. ಡಾಕ್ಟರ ಚೀಟಿ ಬೇಕು ಎಂದರು. ಅವರಿಗೂ ಅಷ್ಟು ಹುರುಪಿರಲಿಲ್ಲ, ಜಾಕೆಟ್ ಹಾಕಿಕೊಂಡು ಮೇಲೆಯೇ ತೇಲುತ್ತಾ ನೋಡುವ ಸ್ನಾರ್ಕೆಲಿಂಗ್ ಸಾಕು ಎಂದರು. ಮಗಳ ವಯಸ್ಸಿಗೆ ತೊಂದರೆಯಿಲ್ಲ, 10 ವರ್ಷ ದಾಟಿದರೆ ಬಿಡುತ್ತಾರೆ.

ಹಿಂದಿನ ದಿನವೇ ಮುರ್ಡೇಶ್ವರಕ್ಕೆ ಹೋಗಿ ಉಳಿದೆವು. ಶಿರಸಿಯಿಂದ ನಸುಕಿನಲ್ಲಿ ಹೊರಟರೂ ಮುಟ್ಟಬಹುದಿತ್ತು. ಆದರೆ ದೇವಿಮನೆ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಇಳಿದು, ಆಮೇಲೆ ನೇರ ದೋಣಿ ಹತ್ತಿದರೆ ಏನಾಗುತ್ತದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ, ಅಲ್ವಾ?

ಬೆಳಿಗ್ಗೆ 7ಕ್ಕೆ ಬರಲು ಹೇಳಿದ್ದರು. ನಾನು, ಮಗಳು ತಲಾ 2 ಇಡ್ಲಿ, ಒಂದು ಬಾಳೆಹಣ್ಣು ತಿಂದೆವು. ಅಣ್ಣನ ಮಗ ಮಸಾಲೆ ದೋಸೆ, ಬನ್ಸು, ಮೇಲಿಂದ ಎರಡು ಕಾಫಿ. "ಅತ್ತೆ, ನನಗೆ ಸಮುದ್ರ ಏನೂ ಆಗಲ್ಲ" ಎಂದ. ಮೂಗು ಮಾತ್ರ ಸೊರಸೊರ ಎನ್ನುತ್ತಿತ್ತು. ಹಿಂದಿನ ರಾತ್ರಿ ಐಸ್‌ಕ್ರೀಂ ತಿಂದಿದ್ದಕ್ಕೆ ಎಂದು ನಾನು, ಬಸ್ಸಿನ ಎಸಿಗೆ ಎಂದು ಅವನು. ಯಾವುದೇ ಇರಲಿ, ಈ ಮೂಗು ಮುಂದೆ ಬರುತ್ತದೆ.

ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ದೋಣಿಗೆ ಒಂದೂವರೆ ಗಂಟೆ ಹಿಡಿಯಿತು. 123 ಅಡಿಯ ಶಿವ ಮೊದಲು ಬೆನ್ನ ಹಿಂದೆ ದೊಡ್ಡದಾಗಿ ಕೂತಿದ್ದ. ಆಮೇಲೆ ಹೆಬ್ಬೆರಳಿನಷ್ಟಾದ, ಆಮೇಲೆ ಮಂಜಿನಲ್ಲಿ ಕಾಣಲೇ ಇಲ್ಲ. ಅರ್ಧ ದಾರಿಯಲ್ಲಿ ಅಲೆ ಜಾಸ್ತಿಯಾಯಿತು. ದೋಣಿ ನಡೆಸುವವರು ನನ್ನ ಮುಖ ನೋಡಿಯೇ ಹೇಳಿದರು: "ಅಕ್ಕಾ, ನೀರು ನೋಡ್ಬೇಡಿ, ಮೊಬೈಲೂ ನೋಡ್ಬೇಡಿ. ದೂರ ಆಕಾಶ ನೀರು ಸೇರೋ ಗೆರೆ ನೋಡ್ತಾ ಕೂತ್ಕೊಳ್ಳಿ." ಹಾಗೇ ಮಾಡಿದೆ. ಡಬ್ಬಿಯಲ್ಲಿ ಒಯ್ದಿದ್ದ ಶುಂಠಿ ಬೆಲ್ಲ ಬಾಯಲ್ಲಿಟ್ಟುಕೊಂಡೆ. ಹೊಟ್ಟೆ ನಿಂತಿತು. ಮಸಾಲೆ ದೋಸೆ ಮಾತ್ರ ನಿಲ್ಲಲಿಲ್ಲ. ದೋಣಿಯ ಹಿಂಬದಿಗೆ ಹೋಗಿ ಬಗ್ಗಿದವನು 10 ನಿಮಿಷ ಬರಲಿಲ್ಲ.

ದ್ವೀಪ ಹತ್ತಿರವಾದಾಗ ಕಂಡಿದ್ದು ಕಡಿದಾದ ಬಂಡೆ, ಮೇಲೆ ಹಸಿರು ಕಾಡು. ಮೇಲಿನಿಂದ ನೋಡಿದರೆ ಹೃದಯದ ಆಕಾರ ಎನ್ನುತ್ತಾರೆ, ದೋಣಿಯಿಂದ ಹಾಗೇನೂ ಕಾಣುವುದಿಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದು ಒಂದು ಸುತ್ತುತ್ತಿತ್ತು. ಮೀನುಗಾರರು ಹರಕೆ ಹೇಳಿಕೊಳ್ಳುವ ಜಟಗ ದೇವರ ಜಾಗ ಮೇಲಿದೆಯಂತೆ. ನಮ್ಮಂಥವರನ್ನು ಇಳಿಸುವುದಿಲ್ಲ, ನಮ್ಮ ಕೆಲಸವೆಲ್ಲ ಪಕ್ಕದ ನೀರಿನಲ್ಲಿ.

ಈಗ ಮುಖ್ಯ ವಿಷಯ. ಎಲ್ಲರೂ ಆಕ್ಸಿಜನ್ ಸಿಲಿಂಡರ್ ಎನ್ನುತ್ತಾರಲ್ಲ, ಅದರಲ್ಲಿ ಇರುವುದು ಬರೀ ಗಾಳಿ. ನಾವು ಉಸಿರಾಡುವ ಇದೇ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಮೂಗು ಮಾಸ್ಕ್‌ನೊಳಗೆ ಮುಚ್ಚಿಹೋಗುತ್ತದೆ. ಸಿಲಿಂಡರಿನಿಂದ ಬರುವ ಕೊಳವೆಯ ತುದಿ ಬಾಯಲ್ಲಿ ಕಚ್ಚಿಕೊಂಡು, ಉಸಿರಾಟವೆಲ್ಲ ಬಾಯಿಂದಲೇ. ಮೊದಲು ದೋಣಿಗೆ ಕಟ್ಟಿದ ಹಗ್ಗ ಹಿಡಿದುಕೊಂಡು, ಮುಖ ಮಾತ್ರ ನೀರಿಗೆ ಹಾಕಿ ಉಸಿರಾಡಲು ಹೇಳಿದರು. ಮೊದಲ ಉಸಿರಿಗೇ ತಲೆ ಎತ್ತಿಬಿಟ್ಟೆ. ಎರಡನೆಯದಕ್ಕೂ ಅಷ್ಟೆ. ನೀರಿನೊಳಗೆ ಬಾಯಿ ತೆರೆದು ಉಸಿರೆಳೆಯಬಾರದು ಎಂದು 44 ವರ್ಷ ಕಲಿತ ಮೈಗೆ ಈಗ ಎಳೆ ಎಂದರೆ ಅದು ಹೇಗೆ ಕೇಳುತ್ತದೆ? ನಾಲ್ಕನೇ ಸಲ ಮನಸ್ಸಿನಲ್ಲೇ ಒಂದರಿಂದ ನಾಲ್ಕು ಎಣಿಸಿ ಒಳಗೆ, ನಾಲ್ಕು ಎಣಿಸಿ ಹೊರಗೆ. ಆಗ ಹಿಡಿತ ಸಿಕ್ಕಿತು.

ಸನ್ನೆಗಳು ಮೂರು ಗೊತ್ತಿದ್ದರೆ ಸಾಕು. ಹೆಬ್ಬೆರಳು, ತೋರುಬೆರಳು ಸೇರಿಸಿ ವೃತ್ತ ಮಾಡಿದರೆ ಎಲ್ಲ ಸರಿ. ಅಂಗೈ ಚಪ್ಪಟೆ ಮಾಡಿ ಅಲ್ಲಾಡಿಸಿದರೆ ತೊಂದರೆ. ಹೆಬ್ಬೆರಳು ಮೇಲೆತ್ತಿದರೆ ಮೇಲೆ ಹೋಗೋಣ. ಈ ಕೊನೆಯದರಲ್ಲೇ ಜನ ಎಡವುತ್ತಾರೆ. ಮಗಳು ಮೀನು ನೋಡಿ ಖುಷಿಯಲ್ಲಿ ಹೆಬ್ಬೆರಳು ಎತ್ತಿದಳು. ತರಬೇತುದಾರ ಅವಳನ್ನು ಮೇಲಕ್ಕೆ ಎಳೆದುಕೊಂಡು ಹೊರಟೇಬಿಟ್ಟ.

ಇನ್ನು ಕಿವಿ. 10 ಮೀಟರ್ ಕೆಳಗೆ ಹೋದರೆ ಮೈಮೇಲಿನ ಒತ್ತಡ ದಡದಲ್ಲಿರುವುದಕ್ಕಿಂತ ಎರಡು ಪಟ್ಟಾಗುತ್ತದೆ. ಅದು ಮೊದಲು ತಿಳಿಯುವುದು ಕಿವಿಗೆ. ಮೂಗನ್ನು ಮಾಸ್ಕ್ ಮೇಲಿಂದಲೇ ಹಿಂಡಿ, ಬಾಯಿಂದ ಗಾಳಿ ಬಿಡದೆ, ಮೂಗಿನಿಂದ ಮೆಲ್ಲಗೆ ಊದಬೇಕು. ಕಿವಿಯೊಳಗೆ ಟಪ್ ಎಂದರೆ ಸರಿಯಾಯಿತು. ನೋವು ಬಂದ ಮೇಲೆ ಊದುವುದಲ್ಲ. ನೋವು ಬರುವ ಮೊದಲೇ, ಒಂದೊಂದು ಮೀಟರಿಗೂ ಊದುತ್ತಾ ಇಳಿಯಬೇಕು. ನಾನು ಹೆದರಿ ಅರ್ಧರ್ಧ ಮೀಟರಿಗೇ ಊದಿದೆ. ಅದರಿಂದ ಒಳ್ಳೆಯದೇ ಆಯಿತು. ಅಣ್ಣನ ಮಗನಿಗೆ ನೆಗಡಿ, ಊದಿದರೂ ಕಿವಿ ಬಿಡಲಿಲ್ಲ. 3 ಮೀಟರ್ ಹೋಗುವಷ್ಟರಲ್ಲಿ ಸೂಜಿ ಚುಚ್ಚಿದ ಹಾಗೆ. ಇನ್ನೂ ಒತ್ತಿ ಊದಲು ನೋಡಿದನಂತೆ, ತರಬೇತುದಾರ ಬಿಡಲಿಲ್ಲ. ಕಿವಿಯ ಪರದೆ ಹೋಗುತ್ತದೆ ಎಂದು ಮೇಲೆ ಕರೆತಂದರು. ಈಜು ತಂಡದವನು ದೋಣಿಯಲ್ಲಿ ಟವೆಲ್ ಹೊದ್ದು ಕೂತ. ನೆಗಡಿ ಇದ್ದರೆ ಅವತ್ತಿನ ಡೈವ್ ಬಿಟ್ಟುಬಿಡಿ, ದುಡ್ಡು ಹೋದರೆ ಹೋಗಲಿ.

ನನಗೆ ಆಗಿದ್ದು ಬೇರೆ ತೊಂದರೆ. ಕಿವಿಯ ಪಕ್ಕದ ಎರಡು ಕೂದಲು ಮಾಸ್ಕ್‌ನ ರಬ್ಬರ್ ಕೆಳಗೆ ಸಿಕ್ಕಿಕೊಂಡಿದ್ದವು. ಅಷ್ಟು ಸಾಕು, ಅಲ್ಲಿಂದ ನೀರು ಜಿನುಗಿ ಮೂಗಿನ ತುದಿಗೆ ಬಂತು. ಎದೆ ಡವಡವ. ದೋಣಿಯಲ್ಲಿ ಹೇಳಿಕೊಟ್ಟಿದ್ದು ನೆನಪಾಯಿತು: ತಲೆ ಸ್ವಲ್ಪ ಮೇಲೆತ್ತು, ಮಾಸ್ಕ್‌ನ ಮೇಲಂಚು ಒತ್ತಿ ಹಿಡಿ, ಮೂಗಿನಿಂದ ಜೋರಾಗಿ ಗಾಳಿ ಬಿಡು. ಬಿಟ್ಟೆ. ನೀರು ಕೆಳಗಿನಿಂದ ಹೊರಗೆ ಹೋಯಿತು. ಹೆಣ್ಣುಮಕ್ಕಳು ಮುಂಗೂದಲನ್ನೆಲ್ಲ ಹಿಂದೆ ಬಿಗಿದು ಕಟ್ಟಿಕೊಂಡು ಹೋಗಿ. ಮೀಸೆ ದಪ್ಪ ಇದ್ದ ಗಂಡಸರಿಗೂ ಇದೇ ಕಥೆ.

ಉಸಿರು ಮಾತ್ರ ಯಾವತ್ತೂ ಹಿಡಿದಿಟ್ಟುಕೊಳ್ಳಬಾರದು. ಮೇಲೆ ಬರುತ್ತಿದ್ದ ಹಾಗೆ ಒತ್ತಡ ಕಡಿಮೆಯಾಗಿ ಶ್ವಾಸಕೋಶದೊಳಗಿನ ಗಾಳಿ ಹಿಗ್ಗುತ್ತದೆ. ಹಿಡಿದಿಟ್ಟರೆ ಅಪಾಯ. ಇದೊಂದನ್ನು ನಮಗೆ ಹತ್ತು ಸಲ ಹೇಳಿದರು.

ಸುಮಾರು 8 ಮೀಟರ್ ಆಳದಲ್ಲಿ 25 ನಿಮಿಷ ಇದ್ದೆ. ಹಸಿರು ನೀಲಿ ಮೈಯ ಗಿಳಿಮೀನು ಬಂಡೆಯನ್ನು ಕೆರೆಯುವ ಸದ್ದು ನಿಜವಾಗಿಯೂ ಕೇಳುತ್ತದೆ, ಒಣ ಕೊಬ್ಬರಿ ಕಡಿದ ಹಾಗೆ. ಹಳದಿ ಚಿಟ್ಟೆಮೀನು ಒಂದು ಕೈಯಳತೆಯಲ್ಲೇ ಇದೆ ಎನಿಸಿತು. ಆದರೆ ಅದು ಇದ್ದಿದ್ದು ದೂರ. ನೀರಿನಲ್ಲಿ ಮಾಸ್ಕ್ ಮೂಲಕ ಎಲ್ಲವೂ ಹತ್ತಿರ, ದೊಡ್ಡದಾಗಿ ಕಾಣುತ್ತದಂತೆ. ನನ್ನ ಕೈಗೆ ಮಾರಿಕಾಂಬೆ ಗುಡಿಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ಇತ್ತು. ಒಂದು ಗಳಿಗೆ ಅದರ ಮೇಲೆ ಕಣ್ಣು ಬಿತ್ತು. ಕೆಂಪು ಇಲ್ಲ! ಕಾಫಿಪುಡಿ ಬಣ್ಣ. ಯಾರದೋ ಕೈ ನೋಡಿದ ಹಾಗಾಯಿತು. ನೀರು ಮೊದಲು ನುಂಗುವುದು ಕೆಂಪನ್ನಂತೆ. ಮೇಲೆ ಬಂದು ನೋಡಿದರೆ ದಾರ ಮತ್ತೆ ಕೆಂಪಗೆ.

ಮಧ್ಯಾಹ್ನ 1 ಗಂಟೆಗೆ ದಡಕ್ಕೆ ಬಂದೆವು. ಬೀಚಿನಲ್ಲಿ ರಜೆಯ ಜನ. ಒಬ್ಬರಿಗೂ ಜಾಕೆಟ್ ಇಲ್ಲ, ಸೊಂಟದವರೆಗಿನ ನೀರಲ್ಲಿ ಸೆಲ್ಫಿ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹುಡುಗಿಯರು ಇದೇ ದಡದಲ್ಲಿ ನೀರುಪಾಲಾದರು. ಮನೆಯವರೆಲ್ಲ ನಾನು 19 ಕಿಲೋಮೀಟರ್ ಆಚೆ ಹೋಗುವುದಕ್ಕೆ ಹೆದರಿದ್ದರು. ನನಗೆ ಅವತ್ತು ನಿಜವಾಗಿ ಭಯವಾಗಿದ್ದು ಅಲ್ಲಿ, ಆ ಸೊಂಟದ ನೀರು ನೋಡಿ. ಮಗಳು "ಸ್ವಲ್ಪ ಆಡ್ಲಾ?" ಎಂದಳು. ಬೇಡ ಎಂದೆ. ಮುಖ ಊದಿಸಿಕೊಂಡಳು, ಊಟದ ಹೊತ್ತಿಗೆ ಸರಿಯಾದಳು.

ಡೈವ್ ಮಾಡಿದ ದಿನವೇ ಊರಿಗೆ ಬರದಿದ್ದಕ್ಕೂ ಕಾರಣ ಇದೆ. ಡೈವಿಂಗ್ ಆದ ಮೇಲೆ ಮರುದಿನದವರೆಗೆ ವಿಮಾನ ಹತ್ತಬಾರದು ಎನ್ನುತ್ತಾರೆ. ನೀರಿನೊಳಗೆ ಉಸಿರಾಡಿದ ಗಾಳಿಯಿಂದ ಮೈಯಲ್ಲಿ ಸೇರಿದ ನೈಟ್ರೋಜನ್ ಮೆಲ್ಲಗೆ ಹೊರಗೆ ಹೋಗಬೇಕು. ನಾವು ವಿಮಾನ ಹತ್ತುವವರಲ್ಲ. ಆದರೆ ಎತ್ತರದ ಜಾಗಕ್ಕೆ ಹೋಗುವುದಕ್ಕೂ ಅದೇ ಎಚ್ಚರಿಕೆ. ಶಿರಸಿ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ನಮ್ಮದು ಸಣ್ಣ ಆಳ, ಕಡಿಮೆ ಹೊತ್ತು, ಏನೂ ಆಗುತ್ತಿರಲಿಲ್ಲವೇನೋ. ಆದರೂ ಘಟ್ಟ ನಾಳೆ ಹತ್ತಿದರಾಯಿತು ಎಂದು ಹೊನ್ನಾವರದಲ್ಲಿ ಉಳಿದೆವು. ಘಟ್ಟದ ಮೇಲಿನವರು ಇದನ್ನು ನೆನಪಿಡಿ.

ಹಾಗಾಗಿಯೇ ಸಂಜೆ ಕಯಾಕ್. ಡೈವ್ ಆದ ಮೇಲೆ ಮೈ ದಣಿಸಬೇಡಿ ಎಂದಿದ್ದರು, ಅದಕ್ಕೆ ಸ್ವಲ್ಪ ಹೊತ್ತು ಮಲಗೆದ್ದು, 4 ಗಂಟೆಯ ಮೇಲೆ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬದಿಗೆ ಹೋದೆವು. ಇಲ್ಲಿ ಒಂದು ಕಿರಿಕಿರಿ. ಕೊಟ್ಟ ನಾಲ್ಕು ಜಾಕೆಟ್‌ಗಳಲ್ಲಿ ಒಂದರ ಬಕಲ್ ಮುರಿದಿತ್ತು. "ನೀರು ಆಳ ಇಲ್ಲ, ಗಂಟು ಹಾಕ್ಕೊಳ್ಳಿ" ಎಂದ ಹುಡುಗ. ಬೇರೆ ಕೊಡುವವರೆಗೆ ನಾನು ಇಳಿಯಲಿಲ್ಲ. ಗೊಣಗುತ್ತಾ ತಂದುಕೊಟ್ಟ. ಜಾಕೆಟ್ ಹಾಕಿಕೊಂಡ ಮೇಲೆ ಭುಜದ ಪಟ್ಟಿ ಹಿಡಿದು ಯಾರಾದರೂ ಮೇಲಕ್ಕೆ ಎಳೆದು ನೋಡಿ. ಅದು ಕಿವಿಯವರೆಗೆ ಬಂದರೆ ಸಡಿಲ ಎಂದೇ ಲೆಕ್ಕ.

ಕೇಳಬೇಕಾದ ಇನ್ನೊಂದು ಪ್ರಶ್ನೆ: ಈಗ ಉಬ್ಬರವಾ ಇಳಿತವಾ? ಇಳಿತವಿದ್ದರೆ ನೀರು ಅಳಿವೆಯ ಕಡೆ, ಅಂದರೆ ಸಮುದ್ರದ ಕಡೆ ಎಳೆಯುತ್ತದೆ. ಶಕ್ತಿ ಇರುವಾಗ ನೀರಿಗೆ ಎದುರಾಗಿ ಹೋಗಿ, ದಣಿದಾಗ ನೀರಿನ ಜೊತೆ ವಾಪಸ್ ಬರಬೇಕು. ನಾವು ಹಾಗೇ ಮಾಡಿದೆವು. ಒಂದರಲ್ಲಿ ನಾನು, ನಮ್ಮನೆಯವರು. ಮುಂದೆ ಕೂತವರು ಲಯ ಹಿಡಿಯಬೇಕು, ಹಿಂದಿನವರು ದಿಕ್ಕು ತಿರುಗಿಸಬೇಕು. 22 ವರ್ಷದ ಸಂಸಾರದಲ್ಲಿ ಇಬ್ಬರೂ ಒಟ್ಟಿಗೆ ಎಡಕ್ಕೆ ಹುಟ್ಟು ಹಾಕಲು ಅರ್ಧ ತಾಸು ಬೇಕಾಯಿತು. ಮೊದಲ ಹತ್ತು ನಿಮಿಷ ಸುಮ್ನೆ ಸುತ್ತು ಹೊಡೆದೆವು. ಹುಟ್ಟನ್ನು ಕಾಲ್ಬೆರಳ ಪಕ್ಕ ಇಳಿಸಿ ಸೊಂಟದವರೆಗೆ ಎಳೆದು ಎತ್ತಬೇಕು. ತೋಳಿನಿಂದ ಎಳೆದರೆ ಬೇಗ ಸೋಲುತ್ತೀರಿ, ಸೊಂಟ ತಿರುಗಿಸಿ ಎಳೆದರೆ ಆರಾಮ.

ಕಾಂಡ್ಲಾದ ಒಳಗೆ ಹೋದ ಮೇಲೆ ಹುಟ್ಟು ಬಿಟ್ಟು ಸುಮ್ಮನೆ ಕೂತೆವು. ನೀರು ಇಳಿದ ಕೆಸರಿನಲ್ಲಿ ಕಿರುಬೆರಳು ಗಾತ್ರದ ಕಡ್ಡಿಗಳು ನೂರಾರು ಮೇಲಕ್ಕೆ ನಿಂತಿದ್ದವು. ಅವು ಮರದ ಉಸಿರಾಡುವ ಬೇರುಗಳು. ಕೆಸರಿನಲ್ಲಿ ಗಾಳಿ ಸಿಗದೆ ಬೇರೇ ಮೇಲೆ ಬಂದಿದೆ. ಇನ್ನೊಂದು ಜಾತಿಯ ಮರದಲ್ಲಿ ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಏನೋ ನೇತಾಡುತ್ತಿತ್ತು. ಬೀಜ ಮರದ ಮೇಲೇ ಮೊಳೆತು, ಸಸಿಯಾಗಿ ಕೆಳಗೆ ಬೀಳುತ್ತದೆ. ಅಣ್ಣನ ಮಗ ಈಗ ಚೇತರಿಸಿಕೊಂಡಿದ್ದ. ನಮ್ಮನ್ನು ಮೂರು ಸಲ ದಾಟಿ ಹೋದ.

ಮರುದಿನ ಮನೆಗೆ ಬಂದು ಅತ್ತೆಗೆ ವಿಡಿಯೋ ತೋರಿಸಿದೆವು. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಗಿಳಿಮೀನು ಬಂದ ಕಡೆ ನಿಲ್ಲಿಸಲು ಹೇಳಿದರು. ಆಮೇಲೆ ಇದಕ್ಕೆ ತಲೆಗೆ ಎಷ್ಟು ಕೊಟ್ಟಿರಿ ಎಂದು ಕೇಳಿದರು. ಅರ್ಧಕ್ಕರ್ಧ ಇಳಿಸಿ ಹೇಳಿದೆ. ಅದೂ ಜಾಸ್ತಿಯಾಯಿತು ಎಂದರು.