ದೆವ್ವದ ಕಥೆಗೆ ಓದುಗರನ್ನು ಎಣಿಸಿ ಖರ್ಚು ಮಾಡಿ

ಕೊನೆ ಗೊತ್ತಾದ ಕಥೆಗೆ ಯಾರೂ ಎರಡನೇ ಸಲ ಹೆದರುವುದಿಲ್ಲ. ಆಮೇಲೆ ಅವರು ಓದುವುದು ಕಸುಬನ್ನು, ಕಥೆಯನ್ನಲ್ಲ. ಅದಕ್ಕೇ ದೆವ್ವದ ಕಥೆಗೆ ಅಭಿಪ್ರಾಯ ಕೇಳುವಾಗ ನಾನು ಓದುಗರನ್ನು ತಿಂಗಳ ಕೊನೆಯ ದುಡ್ಡಿನಂತೆ ಎಣಿಸಿ ಬಳಸುತ್ತೇನೆ. ಐದು ಜನ ಸಿಕ್ಕರೆ ಮೊದಲ ಕರಡಿಗೆ ಇಬ್ಬರು, ತಿದ್ದಿದ್ದಕ್ಕೆ ಬೇರೆ ಇಬ್ಬರು, ಒಬ್ಬರು ಕಡೇ ಪ್ರತಿಗೆ. ಐವರಿಗೂ ಒಂದೇ ರಾತ್ರಿ ವಾಟ್ಸಾಪಿನಲ್ಲಿ ಕಳಿಸಿಬಿಟ್ಟರೆ, ತಿದ್ದಿದ ಮೇಲೆ ಹೆದರಲು ಯಾರೂ ಉಳಿದಿರುವುದಿಲ್ಲ.

ಸಾಧ್ಯವಾದಷ್ಟೂ ಕಾಗದದಲ್ಲೇ ಕೊಡುತ್ತೇನೆ: ಎ4, 12 ಪಾಯಿಂಟ್, ಸಾಲುಗಳ ನಡುವೆ ಒಂದೂವರೆ ಅಂತರ, ಬಲಗಡೆ 5 ಸೆಂ.ಮೀ. ಖಾಲಿ. ಕಾಗದ ಬೇಡವೆಂದವರಿಗೆ ಪಿಡಿಎಫ್. ಹಳೆಯ ನುಡಿ ಫಾಂಟಿನ ಕಡತವನ್ನು ಹಾಗೇ ಕಳಿಸಿದರೆ ಫೋನಿನಲ್ಲಿ ಅದು ಮಾಟದ ಚೀಟಿಯಂತೆ ಕಾಣುತ್ತದೆ; ಕಥೆಗಿಂತ ಅದೇ ಹೆಚ್ಚು ಹೆದರಿಸೀತು.

ಓದುತ್ತಿದ್ದಂತೆ ಅಂಚಿನಲ್ಲಿ ನಾಲ್ಕೇ ಗುರುತು. ಜುಮ್ಮೆಂದರೆ ‘ಜ’, ಬೇಸರವಾದರೆ ‘ಬೇ’, ತಿಳಿಯದಿದ್ದರೆ ಪ್ರಶ್ನೆಚಿಹ್ನೆ, ಮುಂದಿನದು ಮೊದಲೇ ಹೊಳೆದರೆ ‘ಊ’. ಕಾರಣ ಬರೆಯಲು ಬಿಡುವುದಿಲ್ಲ, ಪೆನ್ನು ಹಿಡಿದು ಯೋಚಿಸಲು ಕೂತರೆ ಹೆದರಿಕೆ ಆರಿಹೋಗುತ್ತದೆ. ಕೊನೆಯಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ ಓದಿದಿರಿ ಎಂದು ಬರೆಸುತ್ತೇನೆ. ಮುಂಬಯಿಯಲ್ಲಿ ಇದಿಲ್ಲದೆ ಗುರುತುಗಳಿಗೆ ಅರ್ಥವೇ ಇಲ್ಲ. ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ನಿಂತು ಓದಿದವರ ‘ಬೇ’ಗೆ ಅರ್ಧ ಬೆಲೆ. ಅಲ್ಲೂ ‘ಜ’ ಬಿದ್ದಿದ್ದರೆ ಆ ಸಾಲನ್ನು ಮುಟ್ಟುವುದೇ ಇಲ್ಲ.

ಓದಿದವರ ಜೊತೆ ಮಾಟುಂಗಾದಲ್ಲಿ ಕಾಫಿಗೆ ಕೂತಾಗ ಮೊದಲ ಪ್ರಶ್ನೆ ‘ಹೇಗಿತ್ತು’ ಅಲ್ಲ. ‘ಏನಾಯಿತು, ಮೂರು ವಾಕ್ಯದಲ್ಲಿ ಹೇಳಿ.’ ಒಬ್ಬರು ದೆವ್ವ ನಿಜವೆಂದು, ಇನ್ನೊಬ್ಬರು ನಾಯಕನ ಭ್ರಮೆಯೆಂದು ಹೇಳಿದರೆ ಸಂತೋಷ, ಅದು ಸಂಶಯ, ಬೇಕಾದದ್ದೇ. ಬಾಗಿಲು ತೆರೆದದ್ದು ಗಂಡನೋ ಭಾವನೋ ಎಂದು ಜಗಳಾಡಿದರೆ ಅದು ಗೊಂದಲ, ನನ್ನ ತಪ್ಪು. ಬರೆದವರು ಅಷ್ಟರವರೆಗೂ ಬಾಯಿ ಬಿಡಬಾರದು. ‘ಹಾಗಲ್ಲ, ಅದು...’ ಎಂದು ಶುರುಮಾಡಿದ ಕ್ಷಣದಿಂದ ಎದುರಿನವರು ದಾಕ್ಷಿಣ್ಯಕ್ಕೆ ತಲೆಯಾಡಿಸತೊಡಗುತ್ತಾರೆ.

ಬೇರೆಯವರ ಕಥೆಗೆ ನಾನು ಹೇಳುವ ಸರದಿ ಬಂದಾಗ ಮೊದಲು ನೋಡುವುದು ಕ್ರಿಯಾಪದಗಳ ಬಾಲ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟರೂ ಗುಟ್ಟು ಉಳಿಯುವುದಿಲ್ಲ. ‘ನಿಂತಿದ್ದಳು’ ಎಂದರೆ ಹೆಂಗಸು, ‘ನಿಂತಿತ್ತು’ ಎಂದರೆ, ಮಗುವಲ್ಲದಿದ್ದರೆ, ಮನುಷ್ಯರಲ್ಲ, ‘ಯಾರೋ ನಿಂತಿದ್ದರು’ ಎಂದಾಗ ಮಾತ್ರ ಗಂಡೋ ಹೆಣ್ಣೋ ಮುಚ್ಚಿರುತ್ತದೆ. ಐದು ಪುಟ ‘ಬಂದಳು, ಹೋದಳು’ ಎಂದು ನಡೆದು ಆರನೆಯದರಲ್ಲಿ ಮೆಲ್ಲಗೆ ‘ತಿರುಗಿ ನೋಡಿತು’ ಎಂದರೆ ಸಾಕು, ಬಿಳಿ ಸೀರೆ, ಗೆಜ್ಜೆ ಸದ್ದು ಬೇಕಿಲ್ಲ. ಅದೇ ‘ಇತು’ ಕೈತಪ್ಪಿ ಎರಡನೇ ಪುಟದಲ್ಲಿ ಸೋರಿದರೆ ಅಲ್ಲೇ ‘ಊ’ ಬೀಳುತ್ತದೆ. ‘ಅಂತೆ’ಯನ್ನೂ ಎಣಿಸುತ್ತೇನೆ. ‘ಬರುತ್ತಿದ್ದಳಂತೆ’ ಎಂದಿರುವವರೆಗೆ ಊರಿನ ಮಾತು. ‘ಅಂತೆ’ ಕಳಚಿದ ಜಾಗದಲ್ಲಿ ಓದುಗರು ನಂಬತೊಡಗುತ್ತಾರೆ. ಎಷ್ಟೋ ಕಥೆಗಳಲ್ಲಿ ಬರೆದವರಿಗೇ ಅದು ಎಲ್ಲಿ ಕಳಚಿತೆಂದು ಗೊತ್ತಿರುವುದಿಲ್ಲ.

‘ಅವನ ಮೈ ಜುಮ್ಮೆಂದಿತು’ ಎಂಬುದಕ್ಕೆ ಗೀಟು ಎಳೆಯುತ್ತೇನೆ, ಅಷ್ಟೇ. ಪಾತ್ರ ಹೆದರಿದ್ದನ್ನು ಓದಿ ಓದುಗರು ಹೆದರುವುದು ಕಡಿಮೆ.

ಪದಗಳ ವಿಷಯದಲ್ಲಿ ಮುಂಬಯಿ ಕನ್ನಡಿಗರು ಒಂದೇ ಊರಿನವರಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆಯ ಮನೆಗಳಲ್ಲಿ ಭೂತವೆಂದರೆ ಕೋಲ ಕೊಟ್ಟು ನಂಬುವ ದೈವ, ಪಂಜುರ್ಲಿ, ಜುಮಾದಿ. ಧಾರವಾಡದ ಕಡೆಯವರಿಗೆ ಅದು ದೆವ್ವ. ‘ಭೂತ ಬಂತು’ ಎಂದರೆ ಒಬ್ಬರು ಬೆಚ್ಚುತ್ತಾರೆ, ಇನ್ನೊಬ್ಬರು ಕೈ ಮುಗಿಯುತ್ತಾರೆ. ಹಾಗಾಗಿ ಮೊದಲ ಇಬ್ಬರಲ್ಲಿ ಒಬ್ಬರು ಕರಾವಳಿಯವರು, ಒಬ್ಬರು ಘಟ್ಟದ ಮೇಲಿನವರು ಇರಲೇಬೇಕು. ಮುಂಬಯಿಯ ಲಾಲ್‌ಬಾಗ್ ಚಾಳಿನಲ್ಲಿ ಸತ್ತ ಗಿರಣಿ ಕೆಲಸಗಾರನ ದೆವ್ವ ಪುಸ್ತಕದ ಕನ್ನಡ ಮಾತಾಡಿದರೆ ಇಬ್ಬರೂ ನಗುತ್ತಾರೆ. ಅದು ಮರಾಠಿಯಲ್ಲಿ ಎರಡೇ ಪದ ಆಡಲಿ, ಇಲ್ಲವೇ ಸುಮ್ಮನಿರಲಿ. ಇನ್ನು, ಎದುರು ಮನೆಯ ಬೆಲ್ ಒತ್ತುವಷ್ಟು ಹತ್ತಿರ ಜನರಿರುವ ಊರಿನಲ್ಲಿ ನಾಯಕ ಯಾಕೆ ಒತ್ತಲಿಲ್ಲ ಎಂಬ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. ಉತ್ತರ ಕಥೆಯೊಳಗೆ, ಹೆದರಿಕೆ ಶುರುವಾಗುವ ಮೊದಲೇ ಇರಬೇಕು.

‘ಊ’ ಗುರುತನ್ನು ತಿದ್ದುವುದು ಅದು ಬಿದ್ದ ಜಾಗದಲ್ಲಲ್ಲ. ಸುಳಿವು ಸಾಮಾನ್ಯವಾಗಿ ಒಂದೆರಡು ಪುಟ ಹಿಂದೆ ಇರುತ್ತದೆ. ‘ಯಾವ ಮಾತಿನಿಂದ ಹೊಳೆಯಿತು?’ ಎಂದು ಕೇಳಿ ಅಲ್ಲಿಗೆ ಹೋಗುತ್ತೇನೆ. ಪುಣೆಯ ಶನಿವಾರವಾಡೆಯ ಕಥೆಯಾದರೆ ಇದೂ ನಡೆಯುವುದಿಲ್ಲ. 1773ರಲ್ಲಿ ನಾರಾಯಣರಾವ್ ಪೇಶ್ವೆಯ ಕೊಲೆ, ‘ಕಾಕಾ ಮಲಾ ವಾಚವಾ’ (ಚಿಕ್ಕಪ್ಪಾ, ನನ್ನನ್ನು ಕಾಪಾಡು) ಎಂಬ ಕೂಗು ಇಲ್ಲಿ ಬೆಳೆದವರಿಗೆಲ್ಲ ಗೊತ್ತು, ‘ಊ’ ಮೊದಲ ಸಾಲಿಗೇ ಬೀಳುತ್ತದೆ. ಅಂಥ ಕಥೆಯಲ್ಲಿ ಕೂಗನ್ನು ಮೊದಲ ಪುಟದಲ್ಲೇ ಕೇಳಿಸಿ ಮುಗಿಸಿ, ಹೆದರಿಕೆಯನ್ನು ಬೇರೆ ಕೋಣೆಯಲ್ಲಿಡಲು ಹೇಳುತ್ತೇನೆ. ಯಾವ ಕೋಣೆ ಎಂದು ಹೇಳುವುದಿಲ್ಲ, ಕಥೆ ಅವರದು.