ಹೂವು ಬಂತು, ಕಾಯಿ ಏಕೆ ನಿಲ್ಲಲಿಲ್ಲ?

ಹತ್ತು ಗುಂಟೆ ಜಾಗದಲ್ಲಿ ಮನೆಗೆ ಬೇಕಾದ ತರಕಾರಿ, ಹಣ್ಣು ಬೆಳೆಯುವವರು ಬೆಳೆ ಕೈಕೊಟ್ಟ ಕೂಡಲೇ ಗೊಬ್ಬರದ ಚೀಲಕ್ಕೋ ಔಷಧಿ ಡಬ್ಬಕ್ಕೋ ಕೈ ಹಾಕುತ್ತಾರೆ. ಅದಕ್ಕೂ ಮುಂಚೆ ಉದುರಿದ ಕಾಯಿಯನ್ನು ಸೀಳಿ ನೋಡಿ.

ಹೀರೆ, ಹಾಗಲ, ಸೋರೆ, ಕುಂಬಳದ ಬಳ್ಳಿಗಳಲ್ಲಿ ಮೊದಮೊದಲು ಬರೀ ಗಂಡು ಹೂವು ಬಂದು ಉದುರುತ್ತವೆ. ಅದು ರೋಗವಲ್ಲ, ಗಾಬರಿ ಬೇಡ. ಹೆಣ್ಣು ಹೂವಿನ ಹಿಂದೆ ಪುಟ್ಟ ಹೀಚು ಇರುತ್ತದೆ. ಆ ಹೀಚು ಹಳದಿಯಾಗಿ ಬಿದ್ದು, ಸೀಳಿದರೆ ಒಳಗೆ ಹುಳ ಕಾಣದಿದ್ದರೆ ಪರಾಗ ಮುಟ್ಟಿಲ್ಲ ಎಂದೇ ತಿಳಿಯಿರಿ. ಆಗತಾನೇ ಅರಳಿದ ಗಂಡು ಹೂವು ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಇದರಲ್ಲಿ ಹೊತ್ತು ಮುಖ್ಯ. ಕುಂಬಳ, ಹಾಗಲ ಅರಳುವುದು ಬೆಳಗ್ಗೆ, ಹೀರೆ ಮತ್ತು ಸೋರೆ ಅರಳುವುದು ಸಂಜೆ. ಬಳ್ಳಿ ಕಡುಹಸಿರಾಗಿ ಚಪ್ಪರ ತುಂಬಿಯೂ ಹೆಣ್ಣು ಹೂವೇ ಕಾಣದಿದ್ದರೆ ಯೂರಿಯಾ ಹೆಚ್ಚಾಗಿದೆ, ನಿಲ್ಲಿಸಿ.

ಹೀಚನ್ನು ಸೀಳಿದಾಗ ಬಿಳಿ ಹುಳ ಕುಣಿದರೆ ಅದು ಊಜಿ ನೊಣದ, ಅಂದರೆ ಹಣ್ಣು ನೊಣದ ಕೆಲಸ. ನೊಣ ಎಳೆ ಕಾಯಿಯ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ, ಮೇಲೆ ಸಿಂಪಡಿಸಿದ ಔಷಧಿ ಒಳಗಿನ ಹುಳಕ್ಕೆ ತಾಗುವುದಿಲ್ಲ. ವಾಸನೆಯಿಂದ ನೊಣವನ್ನು ಸೆಳೆಯುವ ಮೋಹಕ ಬಲೆ ತರುವಾಗಲೇ ಬಹಳ ಜನ ಎಡವುತ್ತಾರೆ. ಮಾವು, ಸೀಬೆಯ ನೊಣಕ್ಕೆ ಮಿಥೈಲ್ ಯುಜಿನಾಲ್, ಬಳ್ಳಿ ತರಕಾರಿಯ ನೊಣಕ್ಕೆ ಕ್ಯೂ ಲ್ಯೂರ್. ಅದಲು ಬದಲಾದರೆ ದುಡ್ಡು ದಂಡ. ಹತ್ತು ಗುಂಟೆಗೆ 3 ಬಲೆ ಸಾಕು, ಹೂವು ಬಿಡುವ ಮುಂಚೆಯೇ ಕಟ್ಟಿ. ಆದರೆ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಬಿದ್ದ ಕಾಯಿ ಬಳ್ಳಿಯ ಬುಡದಲ್ಲೇ ಕೊಳೆತರೆ ಹುಳ ಹೊರಬಂದು ಮೇಲ್ಮಣ್ಣಿನಲ್ಲಿ ಕೋಶವಾಗುತ್ತದೆ, ಮತ್ತೆ ನೊಣವಾಗಿ ಹಾರುತ್ತದೆ. ಹಾಗಾಗಿ ಬಿದ್ದದ್ದನ್ನು ದಿನವೂ ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ, ಇಲ್ಲವೇ 2 ಅಡಿ ಆಳಕ್ಕೆ ಹೂಳಿ. ತಿಪ್ಪೆಗೆ ಎಸೆದರೆ ನೊಣ ಸಾಕಿದಂತೆಯೇ ಸರಿ. ವಾರಕ್ಕೊಮ್ಮೆ ಬುಡದ ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಕೆದಕಿದರೆ ಕೋಶಗಳು ಬಿಸಿಲಿಗೆ ಒಣಗುತ್ತವೆ, ಕೋಳಿಯಿದ್ದರೆ ಅದೇ ಹೆಕ್ಕಿ ತಿನ್ನುತ್ತದೆ. ಹಾಗಲದ ನಾಲ್ಕೈದು ಒಳ್ಳೆಯ ಹೀಚಿಗೆ ಕಾಗದದ ಚೀಲ ಕಟ್ಟಿಬಿಟ್ಟರೆ ಅಷ್ಟಂತೂ ಖಂಡಿತ ಉಳಿಯುತ್ತವೆ.

ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕುಳಿ ಬೀಳುವುದು ಹುಳದಿಂದಲ್ಲ. ನಾಲ್ಕು ದಿನ ಒಣಗಿಸಿ ಐದನೇ ದಿನ ಕೆರೆಯಂತೆ ನೀರು ನಿಲ್ಲಿಸಿದರೆ, ಮಣ್ಣಿನಲ್ಲಿ ಸುಣ್ಣದಂಶವಿದ್ದರೂ ಕಾಯಿಯ ತುದಿಗೆ ತಲುಪುವುದಿಲ್ಲ. ಕಾಯಿ ಬಿರಿಯುವುದಕ್ಕೂ ಇದೇ ಕಾರಣ. ಕಡಿಮೆ ನೀರು, ತಪ್ಪದೆ ಕೊಡಿ. ಬುಡಕ್ಕೆ 2–3 ಅಂಗುಲ ಒಣಹುಲ್ಲು ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಎಲೆ ಮುದುರಿ ಗಿಡ ಕುಳ್ಳಾದರೆ ಅದು ಬಿಳಿ ನೊಣ ಹರಡುವ ನಂಜು (ವೈರಸ್) ರೋಗ, ಬೇಸಿಗೆಯಲ್ಲಿ ಜೋರು. ಬಂದ ಮೇಲೆ ಔಷಧಿಯಿಲ್ಲ. ಸಸಿಮಡಿಯನ್ನು ಬಿತ್ತಿದ ದಿನದಿಂದಲೇ ಸಣ್ಣ ಕಣ್ಣಿನ ನೈಲಾನ್ ಬಲೆಯೊಳಗಿಡಿ, 25–30 ದಿನದ ಸಸಿ ನಾಟಿ ಮಾಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಟೊಮೆಟೊ ತಳಿ ಈ ನಂಜನ್ನೂ ದುಂಡಾಣು ಸೊರಗು ರೋಗವನ್ನೂ ತಡೆದುಕೊಳ್ಳುತ್ತದೆ. ಅದು ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನಿಂದ ಬೀಜ ತೆಗೆದಿಡಬೇಡಿ.

ನಿನ್ನೆ ಚೆನ್ನಾಗಿದ್ದ ಟೊಮೆಟೊ ಅಥವಾ ಬದನೆ ಗಿಡ ಇಂದು ಹಸಿರಾಗಿದ್ದಂತೆಯೇ ಜೋತುಬಿದ್ದರೆ ಬುಡದ ಕಾಂಡದ ತುಂಡು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿಯಿರಿ. ಹಾಲಿನ ಎಳೆಯಂತೆ ಬಿಳಿ ಇಳಿದರೆ ಅದು ದುಂಡಾಣು ಸೊರಗು. ಗಿಡವನ್ನು ಬೇರು ಸಮೇತ ಕಿತ್ತು ಸುಡಿ. ಆ ಮಡಿಯಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ. ಜೋಳ, ರಾಗಿ ಹಾಕಿ.

ಪರಂಗಿ ಗಿಡಕ್ಕೆ ನಿಂತ ನೀರೇ ಯಮ. ಎರಡು ದಿನ ಬುಡದಲ್ಲಿ ನೀರು ನಿಂತರೂ ಬೇರು ಕೊಳೆಯುತ್ತದೆ. ಏರುಮಡಿಯ ಮೇಲೆ 6 ಅಡಿಗೊಂದರಂತೆ ನೆಡಿ, ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ತೆಗೆಯಿರಿ. ಗಂಡು, ಹೆಣ್ಣು ಬೇರೆ ಬೇರೆ ಬರುವ ತಳಿಯಾದರೆ ಗುಂಡಿಗೆ 3 ಸಸಿ ಇಟ್ಟು, ಹೂವು ಕಂಡ ಮೇಲೆ ಹತ್ತು ಹೆಣ್ಣಿಗೆ ಒಂದು ಗಂಡು ಉಳಿಸಿ. ಗಂಡು ಗಿಡ ಬರದ ಅರ್ಕಾ ಪ್ರಭಾತ್‌ನಂಥ ತಳಿಗೆ ಈ ಲೆಕ್ಕ ಬೇಕಿಲ್ಲ. ಕಾಯಿಯ ಮೇಲೆ ಉಂಗುರದ ಗುರುತು, ಎಲೆಯಲ್ಲಿ ಹಳದಿ ಮಚ್ಚೆ ಬಂದರೆ ಗಿಡಹೇನು ತಂದ ನಂಜು ಅದು. ಮಕ್ಕಳಂತೆ ಬೆಳೆಸಿದ ಗಿಡ ಕೀಳಲು ಕರುಳು ಚುರ್ ಎನ್ನುತ್ತದೆ, ಆದರೂ ಕಂಡ ದಿನವೇ ಕೀಳಿ. ಪಕ್ಕದ ಗಿಡಗಳನ್ನು ಉಳಿಸಲು ಬೇರೆ ದಾರಿಯಿಲ್ಲ. ಈ ನಂಜು ಮಣ್ಣಿನಲ್ಲಿ ಉಳಿಯುವುದಿಲ್ಲ, ಅದೇ ಗುಂಡಿಗೆ ಹೊಸ ಸಸಿ ಇಡಬಹುದು. ಬುಡ ಕೊಳೆತು ಸತ್ತ ಗುಂಡಿಯಾದರೆ ಮಾತ್ರ ಅಲ್ಲಿ ಮತ್ತೆ ಪರಂಗಿ ಬೇಡ.