ಓಪಿಯಾಯ್ಡ್ ಸಾವು ತಡೆಯಲು ವಿಶ್ವವಿದ್ಯಾಲಯವೂ ಊರೂ ಕೈಜೋಡಿಸುವುದು ಹೇಗೆ?

ಅಮೆರಿಕದ ಕೆಂಟಕಿ, ಒಹಾಯೊ, ನ್ಯೂಯಾರ್ಕ್ ಮತ್ತು ಮ್ಯಾಸಚೂಸೆಟ್ಸ್ ರಾಜ್ಯಗಳ 67 ಸಮುದಾಯಗಳಲ್ಲಿ ಓಪಿಯಾಯ್ಡ್‌ಗಳ (ಹೆರಾಯಿನ್‌ನಂಥ ಅಫೀಮು ಬಗೆಯ ಮಾದಕ ವಸ್ತುಗಳು ಮತ್ತು ನೋವುನಿವಾರಕಗಳು) ಓವರ್‌ಡೋಸ್, ಅಂದರೆ ಮಿತಿಮೀರಿದ ಸೇವನೆಯಿಂದಾಗುವ ಸಾವುಗಳನ್ನು ಶೇ 40ರಷ್ಟು ತಗ್ಗಿಸುವ ಗುರಿಯೊಂದಿಗೆ 2019ರಲ್ಲಿ ‘ಹೀಲಿಂಗ್ ಕಮ್ಯುನಿಟೀಸ್’ ಅಧ್ಯಯನ ಆರಂಭವಾಯಿತು. ಕೆಂಟಕಿ, ಒಹಾಯೊ ಸ್ಟೇಟ್, ಕೊಲಂಬಿಯಾ ವಿಶ್ವವಿದ್ಯಾಲಯಗಳೂ ಬಾಸ್ಟನ್ ಮೆಡಿಕಲ್ ಸೆಂಟರ್ ಕೂಡ ಅದರ ಹೊಣೆ ಹೊತ್ತವು. ಇಂಥ ಕೆಲಸಕ್ಕೆ ಇಳಿಯುವವರು ಅದರಿಂದ ಕಲಿಯಬೇಕಾದದ್ದು ಬಹಳವಿದೆ.

ಮೊದಲ ಹೆಜ್ಜೆ, ಒಂದೇ ಮೇಜಿನ ಸುತ್ತ ಕೂರುವುದು. ಆರೋಗ್ಯ ಇಲಾಖೆ, ಜೈಲು, ಔಷಧದಂಗಡಿಯವರ ಜೊತೆಗೆ ಚಟದಿಂದ ಹೊರಬಂದವರೂ ಮಕ್ಕಳನ್ನು ಕಳೆದುಕೊಂಡ ತಾಯ್ತಂದೆಯರೂ ಅಲ್ಲಿರಬೇಕು. ಅಂಕಿಅಂಶ ಒದಗಿಸುವುದು ವಿಶ್ವವಿದ್ಯಾಲಯದ ಕೆಲಸ, ತೀರ್ಮಾನ ಊರಿನದು.

ಎರಡನೆಯದು, ಸಾವು ಎಲ್ಲಿ ಸಂಭವಿಸುತ್ತಿದೆ ಎಂಬುದನ್ನು ಗುರುತಿಸುವುದು. ಜೈಲಿನಿಂದ ಬಿಡುಗಡೆಯಾದವರ ದೇಹ ಹಳೆಯ ಪ್ರಮಾಣವನ್ನು ತಾಳಲಾರದ್ದರಿಂದ ಮೊದಲ ಕೆಲವು ವಾರಗಳೇ ಅವರಿಗೆ ಅತ್ಯಂತ ಅಪಾಯಕರ. ಆದ್ದರಿಂದ ಚಟದ ಸೆಳೆತ ತಗ್ಗಿಸುವ ಔಷಧಗಳಾದ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಚಿಕಿತ್ಸೆ ಜೈಲಿನೊಳಗೇ ಆರಂಭವಾಗಬೇಕು.

ಮೂರನೆಯದು, ಓಪಿಯಾಯ್ಡ್ ಪರಿಣಾಮವನ್ನು ತಡೆದು ಉಸಿರು ಮರಳಿಸುವ ಔಷಧ ನಲೋಕ್ಸೋನ್ ಹಂಚಿಕೆ. 2023ರ ಮಾರ್ಚ್‌ನಲ್ಲಿ ಅಮೆರಿಕ ಇದರ ಮೂಗಿನ ಸ್ಪ್ರೇಯನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅನುಮತಿ ನೀಡಿತು; ಅಲ್ಲಿ ನೆಲೆಸಿರುವ ಕನ್ನಡಿಗರೂ ಮನೆಯಲ್ಲೊಂದು ಇಟ್ಟುಕೊಳ್ಳಬಹುದು. ತರಬೇತಿಯಲ್ಲಿ ಪ್ರತಿಯೊಬ್ಬರಿಗೂ ಕೈಯಾರೆ ಅಭ್ಯಾಸ ಮಾಡಿಸಬೇಕು. ತುಟಿ ನೀಲಿಗಟ್ಟಿ, ಉಸಿರು ನಿಧಾನವಾಗಿ, ಕೂಗಿದರೂ ಏಳದಿದ್ದರೆ ಅಲ್ಲಿನ ತುರ್ತು ಸಹಾಯ ಸಂಖ್ಯೆ 911ಕ್ಕೆ ಕರೆ ಮಾಡಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಸ್ಪ್ರೇಯ ತುದಿಯನ್ನು ಒಂದು ಹೊಳ್ಳೆಯೊಳಗೆ ಪೂರ್ತಿ ಇಟ್ಟು ಒತ್ತಬೇಕು. ಎರಡು ಮೂರು ನಿಮಿಷದಲ್ಲಿ ಉಸಿರು ಮರಳದಿದ್ದರೆ ಇನ್ನೊಂದು ಸ್ಪ್ರೇ ಕೊಡಬೇಕು. ಇದರ ಪರಿಣಾಮ 30ರಿಂದ 90 ನಿಮಿಷ ಮಾತ್ರ ಇರುವುದರಿಂದ, ಎದ್ದು ಕುಳಿತವರನ್ನು ಒಂಟಿಯಾಗಿ ಬಿಟ್ಟು ಹೋಗಲೇಬಾರದು.

ಕೊನೆಯದು, ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು, ಸಮಯ. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾರ್ಯಕ್ರಮ ಮೊದಲು ಜಾರಿಯಾದ ಸಮುದಾಯಗಳಿಗೂ ಉಳಿದವಕ್ಕೂ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೋವಿಡ್ ಅಡ್ಡಬಂದಿತ್ತು, ಅತಿ ಪ್ರಬಲ ಓಪಿಯಾಯ್ಡ್ ಆದ ಫೆಂಟನಿಲ್ ಹರಡಿತ್ತು. ಜೊತೆಗೆ ಸಾವುಗಳನ್ನು ಎಣಿಸಿ ಹೋಲಿಸಿದ ವರ್ಷ ಶುರುವಾಗುವ ಮುನ್ನ ಊರುಗಳಿಗೆ ಸಿಕ್ಕಿದ್ದು ಸುಮಾರು 10 ತಿಂಗಳು, 615 ಕ್ರಮಗಳ ಪೈಕಿ ಅಷ್ಟರೊಳಗೆ ಆರಂಭವಾದವು 235 ಮಾತ್ರ. ಇದನ್ನು ಊರಿನ ಸೋಲೆಂದು ನಾನು ಎಣಿಸುವುದಿಲ್ಲ. ನಂಬಿಕೆ ಬೆಳೆಯಲು ಹತ್ತು ತಿಂಗಳು ಸಾಲದು. ಆದ್ದರಿಂದ ಸಂಶೋಧನಾ ಅನುದಾನ ನಿಂತ ಮರುದಿನ ನಲೋಕ್ಸೋನ್ ಕೊಳ್ಳುವವರು ಯಾರು, ಓಪಿಯಾಯ್ಡ್ ಮೊಕದ್ದಮೆಗಳಲ್ಲಿ ಔಷಧ ಕಂಪನಿಗಳಿಂದ ಬಂದ ಪರಿಹಾರದ ಹಣದಲ್ಲಿ ಅದಕ್ಕೆ ಎಷ್ಟು ತೆಗೆದಿಡಬೇಕು ಎಂಬುದನ್ನು ಮೊದಲ ಸಭೆಯ ನಡಾವಳಿಯಲ್ಲೇ ಬರೆದಿಡಬೇಕು.